ಯಂತ್ರಕ್ಕೆ ಹೇಳುವ ಮಾತು

ಅಡುಗೆಯ ಪುಸ್ತಕವನ್ನು ತೆರೆದರೆ ‘ಉಪ್ಪು ರುಚಿಗೆ ತಕ್ಕಷ್ಟು’ ಎಂಬ ಮಾತು ಪುಟಪುಟದಲ್ಲಿಯೂ ಕಾಣಸಿಗುತ್ತದೆ. ಅದನ್ನು ಓದಿ ಯಾರೂ ಗೊಂದಲಕ್ಕೆ ಒಳಗಾಗುವುದಿಲ್ಲ. ಅಡುಗೆ ಮಾಡುವವರಿಗೆ ಮನೆಮಂದಿಯ ನಾಲಗೆ ಗೊತ್ತು, ತಮ್ಮ ಕೈಯ ಹದ ಗೊತ್ತು. ಹೇಳದೆ ಬಿಟ್ಟುದನ್ನು ಕೇಳುವವರೇ ತುಂಬಿಕೊಳ್ಳುತ್ತಾರೆಂಬ ವಿಶ್ವಾಸದ ಮೇಲೆ ಮನುಷ್ಯರ ಮಾತೆಲ್ಲ ನಡೆಯುತ್ತದೆ. ಗಣಕಯಂತ್ರಕ್ಕಾದರೋ ನಾಲಗೆಯೂ ಇಲ್ಲ, ಹದವೂ ಇಲ್ಲ. ಹೇಳಿದಷ್ಟನ್ನು ಹೇಳಿದಂತೆಯೇ ಮಾಡುವುದು ಅದರ ಗುಣ. ಹೇಳದಿದ್ದುದನ್ನು ತಾನಾಗಿ ತಿಳಿಯಲಾರದಿರುವುದು ಅದರ ಮಿತಿ. ಇಂದು ನಮ್ಮ ಆಡುಮಾತಿಗೆ ಉತ್ತರ ಕೊಡುವ ಯಂತ್ರಗಳೂ ಬಂದಿವೆಯಲ್ಲಾ ಎಂದು ನೀವು ಕೇಳಬಹುದು. ಅವುಗಳನ್ನು ನಡೆಯಿಸುತ್ತಿರುವುದೂ ಯಾರೋ ಕುಳಿತು ಸಾಲುಸಾಲಾಗಿ ಬರೆದ ಆಜ್ಞೆಗಳೇ. ಇಂಥ ಆಜ್ಞೆಗಳ ಸರಣಿಗೆ ಕ್ರಮವಿಧಿ ಎಂದು ಹೆಸರು.

ಯಂತ್ರವು ತನ್ನೊಳಗೆ ಬಲ್ಲುದು 0 ಮತ್ತು 1 ಎಂಬ ಎರಡೇ ಚಿಹ್ನೆಗಳನ್ನು. ಅವುಗಳಲ್ಲಿಯೇ ಬರೆಯುವುದು ಬಹು ಶ್ರಮದ ಕೆಲಸ. ಆದುದರಿಂದ ಮನುಷ್ಯರು ಓದಿ ಬರೆಯಬಲ್ಲ, ಯಂತ್ರಕ್ಕೂ ಅರ್ಥವಾಗುವಂತೆ ಮಾರ್ಪಡಿಸಬಲ್ಲ ಭಾಷೆಗಳು ಹುಟ್ಟಿಕೊಂಡವು. 1957ರಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆಯಲ್ಲಿ ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು ಫೋರ್ಟ್ರಾನ್ ಭಾಷೆಯನ್ನು ಹೊರತಂದರು. 1964ರಲ್ಲಿ ಡಾರ್ಟ್‌ಮತ್ ಕಾಲೇಜಿನ ಕೆಮೆನಿ ಮತ್ತು ಕರ್ಟ್ಜ್ ಎಂಬ ಅಧ್ಯಾಪಕರು ವಿಜ್ಞಾನ ಓದದ ವಿದ್ಯಾರ್ಥಿಗಳೂ ಕಲಿಯಲೆಂದು ಬೇಸಿಕ್ ಭಾಷೆಯನ್ನು ರೂಪಿಸಿದರು. ನಾವು ಇಲ್ಲಿ ಪರಿಚಯ ಮಾಡಿಕೊಳ್ಳುವ ಪೈಥಾನ್ ಇವೆಲ್ಲಕ್ಕಿಂತ ಕಿರಿಯದು. ಗ್ವಿಡೊ ವಾನ್ ರೋಸಮ್ ಎಂಬವರು 1989ರ ಡಿಸೆಂಬರಿನಲ್ಲಿ ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಇದನ್ನು ಕಟ್ಟಲು ತೊಡಗಿ, 1991ರಲ್ಲಿ ಬಳಕೆಗೆ ಬಿಟ್ಟರು. ಹೆಸರಿನಲ್ಲಿರುವುದು ಹೆಬ್ಬಾವಲ್ಲ; ಬ್ರಿಟಿಷ್ ದೂರದರ್ಶನದ ಒಂದು ಹಾಸ್ಯ ಕಾರ್ಯಕ್ರಮದ ಹೆಸರಿನಿಂದ ಅವರು ಅದನ್ನು ಎತ್ತಿಕೊಂಡರು. ಅಂಗಡಿಯ ಲೆಕ್ಕಕ್ಕೂ ಖಗೋಳ ಸಂಶೋಧನೆಗೂ ಸಮನಾಗಿ ಒದಗುವುದರಿಂದ ಇದು ಬಹೂಪಯೋಗಿ ಭಾಷೆ ಎನಿಸಿಕೊಂಡಿದೆ.

ಈ ಭಾಷೆಯು ತನಗಾಗಿಯೇ ಕಾಯ್ದಿರಿಸಿಕೊಂಡ ಪದಗಳು ಸುಮಾರು 35. ನಮ್ಮ ಒಂದು ಅಧ್ಯಾಯದ ಕಠಿಣ ಪದಗಳ ಪಟ್ಟಿಯೇ ಅಷ್ಟಿರುತ್ತದೆ. ಈ ಪದಗಳನ್ನು ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯಬೇಕು. ಓದುವ ಅನುಕೂಲಕ್ಕಾಗಿ ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಆದರೆ ನಾವು ಇಡುವ ಹೆಸರುಗಳು ನಿಜವಾಗಿಯೂ ಕನ್ನಡ ಲಿಪಿಯಲ್ಲಿರಬಹುದು. 2008ರಲ್ಲಿ ಬಂದ ಪೈಥಾನಿನ ಮೂರನೆಯ ಆವೃತ್ತಿಯಿಂದ ಈಚೆಗೆ ಆ ಅನುಕೂಲವಿದೆ. ಹಾಲಿನ ಲೆಕ್ಕವನ್ನು ಇಡಬೇಕೆಂದುಕೊಳ್ಳೋಣ:

ಮೊತ್ತ = 0
ಮೊತ್ತ = ಮೊತ್ತ + 6

ಎರಡನೆಯ ಸಾಲನ್ನು ಬೀಜಗಣಿತದ ಕಣ್ಣಿನಿಂದ ನೋಡಿದವರು ಬೆಚ್ಚಿಬೀಳುವುದು ಸಹಜ. ಒಂದು ಸಂಖ್ಯೆ ತನಗೇ ಆರು ಕೂಡಿದ ಸಂಖ್ಯೆಗೆ ಸಮನಾಗುವುದುಂಟೇ? ಇಲ್ಲಿ ಆ ಚಿಹ್ನೆಗೆ ‘ಸಮ’ ಎಂಬ ಅರ್ಥವಿಲ್ಲ. ಬಲಗಡೆಯ ಲೆಕ್ಕವನ್ನು ಮೊದಲು ಮಾಡಿ, ಬಂದ ಫಲಕ್ಕೆ ಎಡಗಡೆಯ ಹೆಸರನ್ನು ಇಡು ಎಂಬ ಆಜ್ಞೆ ಅದು. ಸಮವೇ ಎಂದು ಕೇಳಬೇಕಾದಾಗ ಆ ಚಿಹ್ನೆಯನ್ನು ಎರಡು ಸಲ ಬರೆಯಬೇಕು. ಈ ಒಂದು ಭೇದ ಮನದಟ್ಟಾದರೆ ಹೊಸಬರ ಅರ್ಧ ತೊಡಕು ಕಳೆದಂತೆಯೇ ಎಂದು ನನ್ನ ಎಣಿಕೆ.

ಒಂದೇ ಕೆಲಸವನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಮಾಡುವುದರಲ್ಲಿ ಯಂತ್ರದ ಹೆಚ್ಚುಗಾರಿಕೆಯಿದೆ. ಹದಿನೆಂಟರ ಮಗ್ಗಿ ಎರಡೇ ಸಾಲಿನಲ್ಲಿ ಮುಗಿಯುತ್ತದೆ:

ಫಾರ್ ಗುಣಕ ಇನ್ ರೇಂಜ್(1, 11):
    ಪ್ರಿಂಟ್(18 * ಗುಣಕ)

ಪ್ರಿಂಟ್ ಎಂದರೆ ತೆರೆಯ ಮೇಲೆ ತೋರಿಸು ಎಂದರ್ಥ. ನಕ್ಷತ್ರದಂತಹ ಚಿಹ್ನೆ ಗುಣಾಕಾರದ್ದು. ಹತ್ತರವರೆಗೆ ಬೇಕಾದ ಮಗ್ಗಿಗೆ ಹನ್ನೊಂದೆಂದು ಬರೆದುದೇಕೆ? ರೇಂಜ್ ಎಂಬುದು ಕೊನೆಯ ಸಂಖ್ಯೆಯನ್ನು ಮುಟ್ಟದೆ ಅದರ ಹೊಸ್ತಿಲಲ್ಲಿಯೇ ನಿಲ್ಲುತ್ತದೆ. ಹತ್ತೆಂದು ಬರೆದಿದ್ದರೆ ಮಗ್ಗಿಯು 162ಕ್ಕೇ ಮುಗಿದುಹೋಗುತ್ತಿತ್ತು. 180 ಬರುತ್ತಲೇ ಇರಲಿಲ್ಲ. ಇನ್ನೊಂದು ವಿಶೇಷವನ್ನೂ ಗಮನಿಸಿ. ಎರಡನೆಯ ಸಾಲು ಅಂಚಿನಿಂದ ಒಳಸರಿದಿದೆ. ಅದು ಅಂದಕ್ಕಾಗಿ ಬಿಟ್ಟ ಜಾಗವಲ್ಲ. ಯಾವ ಸಾಲುಗಳನ್ನು ಮರಳಿ ಮರಳಿ ನಡೆಸಬೇಕೆಂಬುದು ಯಂತ್ರಕ್ಕೆ ತಿಳಿಯುವುದೇ ಅದರಿಂದ. ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿದವರಿಗೆ ಇಂತಹ ಶಿಸ್ತು ಹೊಸದೆನಿಸದು. 14 ಮಾತ್ರೆಗಳಿರಬೇಕಾದ ಸಾಲಿನಲ್ಲಿ 13 ಬಂದರೆ ಭಾವ ಎಷ್ಟೇ ಸೊಗಸಾಗಿರಲಿ, ಛಂದಸ್ಸು ಕೆಟ್ಟಂತೆಯೇ ಸರಿ.

ಕಾಗುಣಿತ ತಪ್ಪಿದರೆ, ಆವರಣ ಚಿಹ್ನೆಯನ್ನು ಮುಚ್ಚಲು ಮರೆತರೆ, ಯಂತ್ರವು ಸಾಲಿನ ಸಂಖ್ಯೆಯ ಸಮೇತ ದೂರು ಹೇಳಿ ನಿಂತುಬಿಡುತ್ತದೆ. ಹೊಸಬರು ಇದಕ್ಕೆ ಅಂಜುವುದುಂಟು. ಅಂಜಬೇಕಾದುದು ದೂರು ಹೇಳದ ತಪ್ಪಿಗೆ. ಕೀಲಿಮಣೆಯಿಂದ ಉತ್ತರ ಪಡೆಯುವ ಇನ್‌ಪುಟ್ ಎಂಬ ಆಜ್ಞೆಯನ್ನೇ ನೋಡಿ. ಅದು ತಂದುಕೊಡುವುದು ಸಂಖ್ಯೆಯನ್ನಲ್ಲ, ಬರಹವನ್ನು. 2 ಮತ್ತು 3 ಎಂದು ಕೊಟ್ಟು ಕೂಡಿಸೆಂದರೆ 5ರ ಬದಲು 23 ಬರುತ್ತದೆ. ಎರಡು ಅಕ್ಷರಗಳನ್ನು ಪಕ್ಕಪಕ್ಕದಲ್ಲಿ ಇಟ್ಟುದೇ ಯಂತ್ರದ ಪಾಲಿಗೆ ಕೂಡಿಸಿದುದು! ಬರಹವನ್ನು ಸಂಖ್ಯೆಯಾಗಿಸಲು ಇಂಟ್ ಎಂಬ ಆಜ್ಞೆಯಿದೆ. ಕನ್ನಡದ ಅಂಕಿಗಳಲ್ಲಿ ‘೧೨’ ಎಂದು ಕೊಟ್ಟರೂ ಅದು 12 ಎಂದೇ ಗ್ರಹಿಸುತ್ತದೆ.

ಲೀಟರಿಗೆ 40 ರೂಪಾಯಿಯಂತೆ ಹಾಲಿನ ಬೆಲೆ ಕಟ್ಟುವ ಕ್ರಮವಿಧಿಯನ್ನು ಬರೆದೆವೆನ್ನಿ. ಅರ್ಧ ಲೀಟರ್ ಕೊಂಡವನು 500 ಮಿಲಿಲೀಟರ್ ಎಂಬ ಭಾವನೆಯಿಂದ 500 ಎಂದು ಒತ್ತಿದರೆ, 20 ರೂಪಾಯಿಯ ಹಾಲಿಗೆ ಯಂತ್ರವು ಶಾಂತವಾಗಿ 20,000 ರೂಪಾಯಿ ಎನ್ನುತ್ತದೆ. ಇದು ನಗುವ ಮಾತಲ್ಲ. 1998ರ ಡಿಸೆಂಬರಿನಲ್ಲಿ ಅಮೆರಿಕದ ನಾಸಾ ಸಂಸ್ಥೆಯು ಮಂಗಳ ಗ್ರಹದ ಹವೆಯನ್ನು ಅಭ್ಯಸಿಸಲು ಒಂದು ನೌಕೆಯನ್ನು ಹಾರಿಸಿತು. ಭೂಮಿಯ ಮೇಲಿದ್ದ ಒಂದು ಕ್ರಮವಿಧಿಯು ನೌಕೆಯ ಪುಟ್ಟ ಎಂಜಿನ್ನುಗಳ ತಳ್ಳುವಿಕೆಯನ್ನು ಪೌಂಡಿನ ಮಾನದಲ್ಲಿ ಕೊಡುತ್ತಿತ್ತು. ಅದನ್ನು ಪಡೆಯುತ್ತಿದ್ದ ಇನ್ನೊಂದು ನ್ಯೂಟನ್ನಿನ ಮಾನವೆಂದು ಎಣಿಸುತ್ತಿತ್ತು. ಒಂದು ಪೌಂಡ್ ಬಲಕ್ಕೆ ಸುಮಾರು 4.45 ನ್ಯೂಟನ್. ಎರಡು ಕ್ರಮವಿಧಿಗಳೂ ತಮಗೆ ಹೇಳಿದುದನ್ನು ಚಾಚೂ ತಪ್ಪದೆ ಮಾಡಿದವು. 1999ರ ಸೆಪ್ಟೆಂಬರ್ 23ರಂದು ನೌಕೆಯು ಮಂಗಳಕ್ಕೆ ಅತಿ ಸಮೀಪ ಸರಿದು ಶಾಶ್ವತವಾಗಿ ಮೌನವಾಯಿತು.

ಹಾಲಿನ ಲೆಕ್ಕಕ್ಕೆ ಕಾವಲಿಡುವುದು ಕಷ್ಟವಲ್ಲ. ‘ಒಂದು ವೇಳೆ’ ಎಂಬ ಅರ್ಥದ ಇಫ್ ಎಂಬ ಪದದಿಂದ, ಅಳತೆ 50ನ್ನು ಮೀರಿದರೆ ‘ಇದು ಲೀಟರಿನಲ್ಲಿದೆಯೇ?’ ಎಂದು ಕೇಳುವಂತೆ ಮಾಡಬಹುದು. ಆದರೆ ಆ ಅನುಮಾನ ಮೊದಲು ಬರೆಯುವವರ ಮನಸ್ಸಿನಲ್ಲಿ ಹುಟ್ಟಬೇಕು. ಅದಕ್ಕೆ ಒಳ್ಳೆಯ ಅಭ್ಯಾಸವೆಂದರೆ ಯಂತ್ರವನ್ನು ಮುಟ್ಟುವ ಮೊದಲು ನಾವೇ ಯಂತ್ರವಾಗಿ ಕಾಗದದ ಮೇಲೆ ಸಾಲುಸಾಲನ್ನು ನಡೆಸಿ ನೋಡುವುದು. ಮೂರು ದಿನದ ಹಾಲಿನ ಲೆಕ್ಕ ಇಲ್ಲಿದೆ:

ಮೊತ್ತ = 0
ಫಾರ್ ಅಳತೆ ಇನ್ [6, 5, 7]:
    ಮೊತ್ತ = ಮೊತ್ತ + ಅಳತೆ
ಪ್ರಿಂಟ್(ಮೊತ್ತ)

ಮೊತ್ತವೆಂಬ ಹೆಸರಿನ ಕೆಳಗೆ 0, 6, 11, 18 ಎಂದು ಬರೆಯುತ್ತ ಹೋದರೆ, ತೆರೆಯ ಮೇಲೆ ಕಾಣುವುದು 18 ಒಂದೇ ಎಂದು ತಿಳಿಯುತ್ತದೆ. ಕೊನೆಯ ಸಾಲನ್ನೂ ಅದರ ಮೇಲಿನ ಸಾಲಿನಷ್ಟೇ ಒಳಸರಿಸಿ ಇನ್ನೊಮ್ಮೆ ನಡೆಸಿ ನೋಡಿ. ಆಗ 6, 11, 18 ಎಂದು ಮೂರು ಉತ್ತರಗಳು ಬರುತ್ತವೆ.