ವಿದೇಶದಲ್ಲಿ ಬಾಡಿಗೆ ಸ್ಕೂಟರ್: ಹೊರಡುವ ಮುನ್ನ ತಿಳಿದಿರಲಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಸಮಾಜ ಬಾಂಧವರ ಮಕ್ಕಳು ರಜೆಗೆ ಥಾಯ್ಲೆಂಡ್, ವಿಯೆಟ್ನಾಂಗೆ ಹೋಗುವುದುಂಟು. ಅಲ್ಲಿ ಲೈಸೆನ್ಸ್ ನೋಡದೆಯೇ ಸ್ಕೂಟರ್ ಕೊಡುವ ಅಂಗಡಿಗಳಿವೆ. ಅಂಗಡಿಯವನು ಕೇಳದಿದ್ದರೂ ಪೊಲೀಸರು, ವಿಮೆಯವರು ಕೇಳುತ್ತಾರೆ.

ಥಾಯ್ಲೆಂಡ್‌ನಲ್ಲಿ ನಮ್ಮ ಲೈಸೆನ್ಸ್ ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ಅದರಲ್ಲಿ ದ್ವಿಚಕ್ರ ವಾಹನ ನಮೂದಾಗಿರಬೇಕು. ಕಾರಿನದಷ್ಟೇ ಇದ್ದರೆ ಸಾಲದು. ಆರ್‌ಟಿಒ ಕಚೇರಿ ಕೊಡುವ ಈ ಪರ್ಮಿಟ್ ಹೆಚ್ಚೆಂದರೆ 1 ವರ್ಷ ನಡೆಯುತ್ತದೆ.

ವಿಯೆಟ್ನಾಂ 1968ರ ಒಪ್ಪಂದದ ಪರ್ಮಿಟ್ ಮಾತ್ರ ಒಪ್ಪುತ್ತದೆ. ಭಾರತದ್ದು 1949ರ ಒಪ್ಪಂದದ್ದು. ಆದ್ದರಿಂದ ಅಲ್ಲಿ ಟ್ಯಾಕ್ಸಿಯೇ ಲೇಸು.

ಸರಿಯಾದ ಪರ್ಮಿಟ್ ಇಲ್ಲದೆ ಬಿದ್ದರೆ ಪ್ರವಾಸ ವಿಮೆಯ ಹಣ ಸಾಮಾನ್ಯವಾಗಿ ಸಿಗುವುದಿಲ್ಲ. ಆಸ್ಪತ್ರೆಯ ಖರ್ಚು ಮನೆಯವರ ಮೇಲೆಯೇ ಬೀಳುತ್ತದೆ.

ಪಾಸ್‌ಪೋರ್ಟ್ ಒತ್ತೆ ಇಡಬೇಡಿ. ಗಾಡಿಯ ಹಳೆಯ ಗೀರುಗಳ ವಿಡಿಯೋ ತೆಗೆದಿಡಿ. ಹಿಂದೆ ಕೂರುವವರಿಗೂ ಹೆಲ್ಮೆಟ್ ಇರಲಿ.