ನಿಮಗಿದು ಗೊತ್ತೆ? ಮುದ್ದೆಗೆ ಬಾಯಿ ಬಿಡುವ ಮಹಶೀರ್!

ರಾಗಿ ಮುದ್ದೆ ನಮಗಷ್ಟೇ ಅಲ್ಲ, ಕಾವೇರಿಯ ದೈತ್ಯ ಮೀನಿಗೂ ಇಷ್ಟ! ಕಾವೇರಿ ದಡದ ಭೀಮೇಶ್ವರಿಯ ಮೀನು ಶಿಬಿರದಲ್ಲಿ ಮಹಶೀರ್ ಹಿಡಿಯಲು ಗಾಳಕ್ಕೆ ಸಿಕ್ಕಿಸುತ್ತಿದ್ದುದು ಬೇಯಿಸಿದ ರಾಗಿ ಹಿಟ್ಟಿನ ಉಂಡೆ. ಅದು ಗಟ್ಟಿಯಾಗಿ ಬೆಂದಿರಬೇಕಿತ್ತು. ಇಲ್ಲವಾದರೆ ಸೆಳವಿಗೆ ಕರಗಿ ಚಿಲ್ಲರೆ ಮೀನುಗಳ ಪಾಲು.

ಒಂದು ಹರಿಗೋಲಿನಲ್ಲಿ ಮೂರ್ನಾಲ್ಕು ಜನ. ಮೀನು ಗಾಳ ಕಚ್ಚಿ ಓಡಿದರೆ ಅಂಬಿಗ ಅದರ ಬೆನ್ನಿಗೇ ಹುಟ್ಟು ಹಾಕಬೇಕಿತ್ತು. ದಡಕ್ಕೆಳೆದು, ತೂಕ ನೋಡಿ, ಫೋಟೊ ತೆಗೆದು ಮತ್ತೆ ನೀರಿಗೇ ಬಿಡಬೇಕಿತ್ತು. ಮೀನು ಸಾರಿನ ಆಸೆಯವರಿಗೆ ಅಲ್ಲಿ ಕೆಲಸವಿರಲಿಲ್ಲ!

1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬವರು ಕಾವೇರಿಯ ಉಪನದಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ಸುಮಾರು 54 ಕೆ.ಜಿ., ಒಂದು ಮೂಟೆ ಸಿಮೆಂಟಿಗಿಂತ ಹೆಚ್ಚು!

ನಮ್ಮ ಬೆಂಗಳೂರಿನ ಕೆಂಗೇರಿಯಲ್ಲಿ ಹರಿಯುವ ವೃಷಭಾವತಿ ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಕೂಡುವುದೂ ಇದೇ ಕಾವೇರಿಯನ್ನು. ಅಂದರೆ ನಮ್ಮ ಮೋರಿ ನೀರು ಹೋಗುವುದು ಈ ಮೀನಿನ ಹೊಳೆಗೇ. ಬೆನ್ನುಬ್ಬಿನ ಈ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ. ಭೀಮೇಶ್ವರಿ ಇರುವುದು ಕಾವೇರಿ ವನ್ಯಧಾಮದೊಳಗೆ. ಹಾಗಾಗಿ ಅಲ್ಲಿ ಗಾಳ ಹಾಕುವ ಮೋಜು ಹತ್ತು ವರ್ಷಕ್ಕೂ ಹಿಂದೆಯೇ ನಿಂತಿದೆ.