ವಂಶವಾಹಿಯ ವಾಚನವೂ ಕಲಿಕೆಯೂ

ದೇವನಹಳ್ಳಿ ತಾಲ್ಲೂಕಿನ ವಿಜಯಪುರವು, ಪೂರ್ವದಲ್ಲಿ ವಡಿಗೇನಹಳ್ಳಿಯೆಂಬ ಹೆಸರಿದ್ದ ಊರು, ರೇಷ್ಮೆಗೂಡಿನ ಮಾರುಕಟ್ಟೆಗೆ ಪ್ರಸಿದ್ಧವಾದುದು. ಆ ಗೂಡನ್ನು ನೇಯುವ ಹುಳುವಿನ ಸಂತಾನಕ್ರಮದಲ್ಲಿ ಒಂದು ಸೋಜಿಗವುಂಟು. ದ್ವಿತಳಿಯ ಮೊಟ್ಟೆಗಳಿಗೆ ೨೫ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ, ಬೆಳಕಿನಲ್ಲಿ, ಕಾವು ಕೊಟ್ಟರೆ, ಅವುಗಳಿಂದ ಹುಟ್ಟಿ ಬೆಳೆದ ಹೆಣ್ಣುಚಿಟ್ಟೆಗಳು ಇಡುವ ಮೊಟ್ಟೆಗಳು ಒಡನೆ ಮರಿಯಾಗದೆ ಸುಪ್ತಾವಸ್ಥೆಯನ್ನು ಹೊಂದುವುವು. ೧೫ ಡಿಗ್ರಿಯಲ್ಲಿ, ಕತ್ತಲೆಯಲ್ಲಿ, ಕಾವು ಕೊಟ್ಟರೆ ಸುಪ್ತಿಯಿಲ್ಲದೆ ಒಡೆಯುವುವು. ತಾಯಿಯು ಭ್ರೂಣವಾಗಿದ್ದಾಗ ಉಂಡ ಶಾಖದ ಪರಿಣಾಮವು ರೇಷ್ಮೆಗಾರರು ಜ್ವರವೆಂದು ಕರೆಯುವ ನಾಲ್ಕು ಪೊರೆಬಿಡುವ ಸ್ಥಿತಿಗಳನ್ನು ದಾಟಿ, ಕೋಶಾವಸ್ಥೆಯಲ್ಲಿ ಸ್ರವಿಸುವ ಹಾರ್ಮೋನಿನ ಮೂಲಕ ಮುಂದಿನ ಪೀಳಿಗೆಯ ಗತಿಯನ್ನು ನಿರ್ಣಯಿಸುತ್ತದೆ. ವಂಶವಾಹಿಯ ಅಕ್ಷರಗಳಲ್ಲಿ ಮಾತ್ರ ಒಂದೂ ಪಲ್ಲಟವಾಗಿರುವುದಿಲ್ಲ.

ಇದನ್ನು ಕಲಿಕೆಯೆನ್ನಲಾಗದು. ಆದರೂ ಮೂಲಪಾಠವು ಮಾರ್ಪಡದೆ ಕಳೆದುಹೋದುದರ ಗುರುತು ದೇಹದಲ್ಲಿ ಹೇಗೆ ಉಳಿಯುವುದೆಂಬ ಪ್ರಶ್ನೆಯು ಜ್ಞಾಪಕಶಕ್ತಿಯ ವಿಚಾರದಲ್ಲಿಯೂ ಏಳುವುದು. ೧೯೪೨ರಲ್ಲಿ ವಾಡಿಂಗ್ಟನ್ ಎಂಬ ವಿದ್ವಾಂಸನು ರೂಢಿಗೆ ತಂದ ಎಪಿಜೆನೆಟಿಕ್ಸ್ ಎಂಬ ಹೆಸರು ಈಗ ಈ ಬಗೆಯ ಗುರುತುಗಳ ಶಾಸ್ತ್ರಕ್ಕೆ ಸಲ್ಲುತ್ತದೆ. ಓಲೆಗರಿಯ ಕಟ್ಟನ್ನು ಬಲ್ಲವರಿಗೆ ಇದರ ತತ್ತ್ವವು ಕಠಿನವಲ್ಲ. ದಾರವನ್ನು ಬಿಗಿದಿರುವವರೆಗೆ ಒಳಗಣ ಗರಿಯನ್ನು ಓದಲಾಗದು, ಸಡಿಲಿಸಿದರೆ ಓದಬಹುದು, ಬರಹವು ಎರಡು ಸ್ಥಿತಿಯಲ್ಲಿಯೂ ಒಂದೇ. ಡಿ.ಎನ್.ಎ. ಎಳೆಯು ಹಿಸ್ಟೋನ್ ಎಂಬ ಪ್ರೋಟೀನುಗಳ ಮೇಲೆ ಸುತ್ತಿಕೊಂಡಿದ್ದು, ಅವುಗಳಿಗೆ ಅಸಿಟೈಲ್ ಅಂಶವು ಸೇರಿದಾಗ ಸುತ್ತು ಸಡಿಲವಾಗುತ್ತದೆ.

ದೀರ್ಘಕಾಲ ನಿಲ್ಲುವ ನೆನಪಿಗೆ ಮಿದುಳಿನ ಜೀವಕೋಶಗಳಲ್ಲಿ ಹೊಸದಾಗಿ ಕೆಲವು ವಂಶವಾಹಿಗಳ ವಾಚನವಾಗಬೇಕು. ಸಿ.ಬಿ.ಪಿ. ಎಂಬ ಕಿಣ್ವವು ಹಿಸ್ಟೋನುಗಳಿಗೆ ಅಸಿಟೈಲನ್ನು ಸೇರಿಸತಕ್ಕದ್ದು. ಇದರ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಮಕ್ಕಳಲ್ಲಿ ಬುದ್ಧಿಯ ಬೆಳೆವಣಿಗೆ ಕುಂಠಿತವಾಗುವ ರೂಬಿನ್‌ಸ್ಟೈನ್-ಟೇಬಿ ವ್ಯಾಧಿಯು ಉಂಟಾಗುವುದೆಂದು ೧೯೯೫ರಲ್ಲಿ ಗೊತ್ತಾಯಿತು. ವಿಜಯಪುರದಿಂದ ಬೆಂಗಳೂರಿಗೆ ಬರುವ ದಾರಿಯ ಸಮೀಪದಲ್ಲಿರುವ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಾಪಸ್ ಕುಂಡು ಅವರೂ ಸಹೋದ್ಯೋಗಿಗಳೂ ಈ ಕಿಣ್ವವನ್ನು ಚುರುಕುಗೊಳಿಸುವ ಟಿಟಿಕೆ-೨೧ ಎಂಬ ಅಣುವನ್ನು ಸಿದ್ಧಪಡಿಸಿ, ಗ್ಲೂಕೋಸಿನಿಂದ ಮಾಡಿದ ಅತಿಸೂಕ್ಷ್ಮ ಇಂಗಾಲದ ಗೋಳಕ್ಕೆ ಅದನ್ನು ಜೋಡಿಸಿ, ಫ್ರಾನ್ಸ್ ದೇಶದ ಸಂಶೋಧಕರೊಡನೆ ಇಲಿಗಳಲ್ಲಿ ಪರೀಕ್ಷಿಸಿದರು. ರಕ್ತದಿಂದ ಮಿದುಳಿಗೆ ಹೋಗುವ ಪದಾರ್ಥಗಳನ್ನು ತಡೆಯುವ ಪೊರೆಯನ್ನು ಅದು ದಾಟಿತು. ಇಲಿಗಳ ನೆನಪು ಹೆಚ್ಚು ಕಾಲ ನಿಂತಿತು. ಇದು ೨೦೧೩ರಲ್ಲಿ ಪ್ರಕಟವಾದ ವಿಷಯ. ಪಾಠಶಾಲೆಯ ಮಕ್ಕಳಿಗೆ ಗುಳಿಗೆ ನುಂಗಿಸುವ ಮಾತು ಇದರಿಂದ ಹುಟ್ಟುವುದಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ತಾತನ ವಿದ್ಯೆ ಮೊಮ್ಮಗನ ರಕ್ತದಲ್ಲಿ ಇಳಿದು ಬರುವುದೆಂದು ಈ ಶಾಸ್ತ್ರದ ಹೆಸರಿನಲ್ಲಿ ಹೇಳುವವರೂ ಇರುವರು. ಸ್ತನಿಗಳಲ್ಲಿ ಇಂಥ ಗುರುತುಗಳ ಬಹುಭಾಗವು ಬೀಜಕೋಶಗಳಲ್ಲಿಯೂ ಎಳೆಯ ಭ್ರೂಣದಲ್ಲಿಯೂ ಅಳಿಸಿಹೋಗುವುದರಿಂದ ಆ ಮಾತಿಗೆ ಆಧಾರವು ತೀರ ದುರ್ಬಲ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದವರು ೨೦೦೪ರಲ್ಲಿ ಪ್ರಕಟಿಸಿದ ಪರೀಕ್ಷೆಯು ಬೇರೊಂದು ದಾರಿಯನ್ನು ತೋರಿತು. ಮರಿಗಳನ್ನು ಹೆಚ್ಚಾಗಿ ನೆಕ್ಕಿ ಸಲಹುವ ತಾಯಿಲಿಗಳ ಮರಿಗಳಿಗೂ ಅಷ್ಟಾಗಿ ಸಲಹದವುಗಳ ಮರಿಗಳಿಗೂ ಮಿದುಳಿನ ಮೀಥೈಲ್ ಗುರುತುಗಳಲ್ಲಿ ಭೇದವಿದ್ದಿತು. ಮರಿಗಳನ್ನು ಅದಲುಬದಲು ಮಾಡಿ ಸಾಕಿಸಿದಾಗ ಅವು ಹೆತ್ತವಳ ಕ್ರಮವನ್ನು ಬಿಟ್ಟು ಸಾಕಿದವಳ ಕ್ರಮವನ್ನು ಹೊಂದಿದುವು. ಇಲಿಯ ಮಿದುಳನ್ನು ಕೊಯ್ದು ನೋಡಿದಂತೆ ಬದುಕಿರುವ ಬಾಲಕನದನ್ನು ನೋಡಲು ಬಾರದು. ಅವನ ರಕ್ತದಲ್ಲಿಯೋ ಜೊಲ್ಲಿನಲ್ಲಿಯೋ ಕಂಡ ಗುರುತು ಮಿದುಳಿನಲ್ಲಿಯೂ ಹಾಗೆಯೇ ಇರಬೇಕೆಂಬ ನಿಯಮವಿಲ್ಲ.